ನೆಟ್ ಆಫ್ ಮಾಡಿ ಫೋಟೊ ತಿದ್ದುವುದು

ನಮ್ಮದು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಈಗ ಆನ್‌ಲೈನ್ ಅರ್ಜಿ ತುಂಬಿಕೊಡುವುದೇ ಮುಖ್ಯ ಕೆಲಸ. ಫೋಟೊ 50 ಕೆಬಿ ಒಳಗಿರಬೇಕು, ಸಹಿ 20 ಕೆಬಿ ದಾಟಬಾರದು ಅಂತೆಲ್ಲ ಕೇಳುತ್ತಾರೆ. ಜನ ತರುವ ಮೊಬೈಲ್ ಫೋಟೊ ನೋಡಿದರೆ 3–4 ಎಂಬಿ. ತುಂಬಾ ದಿನ ನಾನು ಗೂಗಲ್‌ನಲ್ಲಿ ಮೊದಲು ಕಂಡ ಸೈಟಿಗೆ ಹಾಕಿ ಚಿಕ್ಕದು ಮಾಡಿಕೊಡುತ್ತಿದ್ದೆ.

ಒಂದು ಮಧ್ಯಾಹ್ನ ನೆಟ್ ತೀರಾ ನಿಧಾನ. ಒಬ್ಬ ಅಜ್ಜಿಯ ಆಧಾರ್ ಫೋಟೊ ಹಾಕಿದ್ದೆ, ಪರದೆ ಮೇಲೆ ‘ಅಪ್‌ಲೋಡ್ 34%’ ಅಂತ ನಿಂತುಬಿಟ್ಟಿತು. ಫೋಟೊ ಚಿಕ್ಕದಾಗುವುದು ನನ್ನ ಕಂಪ್ಯೂಟರಿನಲ್ಲಲ್ಲ, ಎಲ್ಲೋ ಇರುವ ಯಾರದೋ ಸರ್ವರಿನಲ್ಲಿ ಅನ್ನುವುದು ಆಗ ಹೊಳೆಯಿತು. ಅಜ್ಜಿ ನಂಬಿ ಕಾರ್ಡು ಕೊಟ್ಟಿದ್ದು ನನ್ನ ಕೈಗೆ. ಅದುವರೆಗೆ ಎಷ್ಟು ಜನರ ದಾಖಲೆ ಹೀಗೆ ದಾಟಿಸಿದ್ದೆನೋ ಅಂತ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆಮೇಲೆ ಹುಡುಕಿ ಕಲಿತೆ. ವೆಬ್‌ಅಸೆಂಬ್ಲಿ ಅನ್ನುವ ತಂತ್ರ 2017ರ ಕೊನೆಗೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಬಂದಿದೆ. ಅದರಿಂದ ಭಾರದ ಕೆಲಸವನ್ನೂ ಬ್ರೌಸರ್ ನಮ್ಮ ಯಂತ್ರದಲ್ಲೇ ಮಾಡುತ್ತದೆ. ಗೂಗಲ್ ಕ್ರೋಮ್ ತಂಡದ ಸ್ಕ್ವೂಶ್ ಅಂಥ ಒಂದು ಸೈಟು. ಫೋಟೊ ಎಳೆದು ಬಿಟ್ಟರೆ ನಡುವೆ ಒಂದು ಗೆರೆ: ಎಡಕ್ಕೆ ಮೂಲ, ಬಲಕ್ಕೆ ಕುಗ್ಗಿಸಿದ್ದು. ನಾನು ಮೊದಲು ‘ರೀಸೈಜ್’ನಲ್ಲಿ ಅಗಲ ಇಳಿಸುತ್ತೇನೆ, ಆಮೇಲೆ ಕ್ವಾಲಿಟಿ. ಬರೀ ಕ್ವಾಲಿಟಿ ಇಳಿಸಿದರೆ ಮುಖವೆಲ್ಲ ಚೌಕ ಚೌಕವಾಗುತ್ತದೆ. ಕೆಳಗೆ ಕೆಬಿ ಇಳಿಯುವುದು ಕಾಣುತ್ತಲೇ ಇರುತ್ತದೆ. ಫೋಟೊ ಸರ್ವರಿಗೆ ಹೋಗುವುದಿಲ್ಲ. ಆದರೆ ಕುಗ್ಗಿಸುವ ಮೊದಲು, ಆಮೇಲೆ ಸೈಜ್ ಎಷ್ಟಿತ್ತು ಅನ್ನುವಂಥ ಲೆಕ್ಕ ಅವರಿಗೆ ಹೋಗುತ್ತದೆ. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಕತ್ತರಿಸುವುದು, ಮುಚ್ಚುವುದು ಇದ್ದರೆ ಫೋಟೊಪೀ ಅನ್ನುವ ಸೈಟು. ಅದೂ ಬ್ರೌಸರಿನೊಳಗೇ ಕೆಲಸ ಮಾಡುತ್ತದೆ.

ಸೈಟಿನ ಮಾತನ್ನೇ ನಂಬಿ ಕೂರುವುದಿಲ್ಲ. ಮುಚ್ಚಿದ ಮೇಲೆ ಹಿಸ್ಟರಿ ಉಳಿಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪುಟ ಪೂರ್ತಿ ತೆರೆದ ಮೇಲೆ ವೈಫೈ ಆಫ್ ಮಾಡಿ, ಆಮೇಲೆ ಫೋಟೊ ಹಾಕುತ್ತೇನೆ. ಕೆಲಸ ಆಯಿತಾ, ಅದು ನನ್ನ ಯಂತ್ರದಲ್ಲೇ ಆದದ್ದು. ಫೈಲ್ ಸೇವ್ ಮಾಡಿ, ಆ ಕಿಟಕಿ ಮುಚ್ಚಿ, ಅದಾದ ಮೇಲೆಯೇ ವೈಫೈ ಹಾಕುವುದು. ತೆರೆದೇ ಬಿಟ್ಟರೆ ನೆಟ್ ಬಂದ ಕೂಡಲೇ ಪುಟ ಏನನ್ನಾದರೂ ಕಳಿಸಬಹುದು. ಹೊಸ ಸೈಟಾದರೆ ನೆಟ್ ಇರುವಾಗಲೇ ಮೊದಲು ಎಫ್12 ಒತ್ತಿ, ಪುಟ ಏನೇನು ಕಳಿಸುತ್ತದೆ ಅಂತ ತೋರಿಸುವ ನೆಟ್‌ವರ್ಕ್ ಪಟ್ಟಿ ತೆರೆದಿಟ್ಟು, ಒಂದು ಹೂವಿನ ಫೋಟೊ ಹಾಕಿ ನೋಡುತ್ತೇನೆ. ಫೋಟೊ ಬಿಟ್ಟ ಕ್ಷಣ ದೊಡ್ಡ ‘ಪೋಸ್ಟ್’ ಸಾಲು, ಅಂದರೆ ಹೊರಗೆ ಕಳಿಸಿದ ಗುರುತು, ಕಂಡರೆ ಆ ಸೈಟು ಬೇಡ. ಇನ್‌ಕಾಗ್ನಿಟೊದಲ್ಲಿ ಹಾಕಿದರೆ ಫೋಟೊ ಹೊರಗೆ ಹೋಗುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಅದು ನಮ್ಮ ಕಂಪ್ಯೂಟರಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ ಅಷ್ಟೇ, ಅಪ್‌ಲೋಡ್ ತಡೆಯುವುದಿಲ್ಲ.

ಆಧಾರ್ ನಂಬರ್ ಮುಚ್ಚುವುದರಲ್ಲಿ ನಾನೂ ತಪ್ಪು ಮಾಡಿದ್ದೇನೆ. ಮಸುಕು ಮಾಡಿ ಕೊಡುತ್ತಿದ್ದೆ. ಅಂಕಿಗಳು ಇರುವುದೇ ಹತ್ತು ಆಕಾರ, ತೆಳುವಾಗಿ ಮಸುಕಾಗಿದ್ದರೆ ಊಹಿಸಿ ಓದಬಹುದು. ಈಗ 12 ಅಂಕಿಯಲ್ಲಿ ಮೊದಲ 8ರ ಮೇಲೆ ದಟ್ಟ ಕಪ್ಪು ಪಟ್ಟಿ ಎಳೆದು ಜೆಪಿಜಿ ಮಾಡಿ ಕೊಡುತ್ತೇನೆ. ಪಿಎಸ್‌ಡಿಯಾಗಿ (ಪದರ ಪದರವಾಗಿ ಉಳಿಸುವ ಫೋಟೊಶಾಪ್ ಫೈಲಾಗಿ) ಉಳಿಸಿದರೆ ಪಟ್ಟಿ ಬೇರೆ ಪದರದಲ್ಲಿರುತ್ತದೆ, ಸರಿಸಿದರೆ ನಂಬರ್ ಹಾಗೇ ಕೆಳಗಿರುತ್ತದೆ. ಕ್ಯೂಆರ್ ಕೋಡ್ ಮುಚ್ಚುವುದನ್ನೂ ಮರೆಯಬಾರದು, ಹೆಸರು ವಿಳಾಸ ಅದರೊಳಗೂ ಇವೆ. ಒಟಿಪಿ ಬರುವ ಮೊಬೈಲ್ ಕೈಯಲ್ಲಿದ್ದರೆ ಆಧಾರ್ ಕೊಡುವ ಯುಐಡಿಎಐನಿಂದಲೇ ಮಾಸ್ಕ್ಡ್ ಆಧಾರ್, ಅಂದರೆ ಮೊದಲ 8 ಅಂಕಿ ಮುಚ್ಚಿದ್ದು, ಇಳಿಸಿಕೊಡುವುದು ಇನ್ನೂ ಒಳ್ಳೆಯದು.

ಲೊಕೇಶನ್ ಆನ್ ಇಟ್ಟು ತೆಗೆದ ಫೋಟೊದಲ್ಲಿ ಅಕ್ಷಾಂಶ ರೇಖಾಂಶವೂ ಕೂತಿರುತ್ತದೆ. ಸ್ಕ್ವೂಶ್‌ನಿಂದ ಹೊರಬಂದ ಫೈಲಿನಲ್ಲಿ ಅದು ಉಳಿಯುವುದಿಲ್ಲ. ಆದರೂ ಕೊಡುವ ಮೊದಲು ಪ್ರಾಪರ್ಟೀಸ್ ತೆರೆದು ಒಮ್ಮೆ ನೋಡುತ್ತೇನೆ.

ಇಷ್ಟೆಲ್ಲ ಮಾಡಿ ಫೈಲನ್ನು ಡೌನ್‌ಲೋಡ್ಸ್‌ನಲ್ಲೇ ಬಿಟ್ಟರೆ ಮುಂದೆ ಕೂತವರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಅರ್ಜಿ ಸಲ್ಲಿಕೆಯಾಗಿ ರಸೀದಿ ಪ್ರಿಂಟ್ ಆದ ಕೂಡಲೇ, ಗಿರಾಕಿ ಎದುರೇ ಶಿಫ್ಟ್ ಒತ್ತಿ ಡಿಲೀಟ್ ಮಾಡುತ್ತೇನೆ.