ಘಾಟಿಯಿಂದ ಹಿಂದಕ್ಕೆ ಲೆಕ್ಕ ಹಾಕಿ: ಮಕ್ಕಳ ಜೊತೆ ಕಾರು ಪ್ರವಾಸದ ತಯಾರಿ

ದಸರಾ ರಜೆಯಿರಲಿ, ಬೇಸಿಗೆ ರಜೆಯಿರಲಿ, ಹಾಸನ ಅಥವಾ ಚಿಕ್ಕಮಗಳೂರಿನಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರಿನ ಕಡೆ ಹೊರಟವರು ಘಾಟಿ ಇಳಿಯಲೇಬೇಕು. ಸಾಮಾನ್ಯವಾಗಿ ಶಿರಾಡಿ ಇಲ್ಲವೇ ಚಾರ್ಮಾಡಿ. ಮಕ್ಕಳು ವಾಂತಿ ಮಾಡುವುದು, ಕಿವಿ ಕಟ್ಟಿ ಅಳುವುದು, ಮೊಬೈಲ್ ಸಿಗ್ನಲ್ ಹೋಗುವುದು, ಬ್ರೇಕ್ ಕಾಯುವುದು ಹೆಚ್ಚಾಗಿ ಇಲ್ಲಿಯೇ. ಹಾಗಾಗಿ ಹೊರಡುವ ಹೊತ್ತು, ತಿಂಡಿ, ಮಾತ್ರೆ, ಪೆಟ್ರೋಲ್ ಎಲ್ಲವನ್ನೂ ಘಾಟಿಯ ತಲೆಯಲ್ಲಿ ನೀವು ಇರಬೇಕಾದ ಸಮಯದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿಕೊಳ್ಳಿ. ಬೆಳಗಿನ ಬೆಳಕಿನಲ್ಲಿ, ಮಕ್ಕಳ ಹೊಟ್ಟೆ ಹಗುರವಾಗಿರುವಾಗ ಘಾಟಿ ದಾಟುವುದೇ ಗುರಿ.

ಒಂದು ವಾರ ಮೊದಲು: ಗಾಡಿ

ಟೈರಿನಿಂದ ಶುರುಮಾಡಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಹಿಡಿಸಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ. ಎಷ್ಟು ಹಿಡಿಸಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿದೆ. ಅದರಲ್ಲಿ ಪೂರ್ತಿ ಹೊರೆಗೆ ಬೇರೆ ಅಂಕಿ ಕೊಟ್ಟಿದ್ದರೆ, ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನಿದ್ದಾಗ ಅದನ್ನೇ ಪಾಲಿಸಿ. ಟೈರಿನ ಬದಿಯಲ್ಲಿರುವ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ: 2321 ಎಂದರೆ 2021ರ 23ನೇ ವಾರ. ಟೈರಿನ ಹಲ್ಲು, ಅಂದರೆ ಅದರ ಗೀರಿನ ಆಳ, 1.6 ಮಿ.ಮೀ. ಇದ್ದರೆ ಸಾಕೆಂದು ಕಾನೂನು ಹೇಳುತ್ತದೆ. ಆದರೆ ಮಲೆನಾಡಿನ ಮಳೆಗೆ ಅದು ಸಾಲದು, 3 ಮಿ.ಮೀ.ಗೆ ಇಳಿದಾಗಲೇ ಬದಲಿಸಿ. ಸ್ಟೆಪ್ನಿಯ ಗಾಳಿ ನೋಡಲು ಮರೆಯುವವರೇ ಹೆಚ್ಚು. ಜಾಕ್, ಸ್ಪ್ಯಾನರ್ ಜಾಗದಲ್ಲಿವೆಯೇ ಎಂದೂ ನೋಡಿ.

ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಕೂಲಂಟ್, ವೈಪರ್ ರಬ್ಬರ್, ಎರಡೂ ಹೆಡ್‌ಲೈಟ್‌ಗಳನ್ನು ಗ್ಯಾರೇಜಿನಲ್ಲಿ ತೋರಿಸಿ. ಹೊರಡುವ ಹಿಂದಿನ ದಿನಕ್ಕೆ ಇದನ್ನು ಉಳಿಸಿಕೊಳ್ಳಬೇಡಿ. ಪ್ಯಾಡ್ ಸವೆದಿದೆ ಎಂದು ಗೊತ್ತಾದರೂ ಬಿಡಿಭಾಗ ತರಿಸಲು ಸಮಯ ಇರುವುದಿಲ್ಲ.

ಮಗು ಕೂರುವ ಜಾಗ

ತಯಾರಿಯಲ್ಲಿ ಅತಿ ಮುಖ್ಯವಾದದ್ದು ಇದು, ನಮ್ಮಲ್ಲಿ ಅತಿ ಕಡೆಗಣಿಸಿದ್ದೂ ಇದೇ. ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು ಎಂಬ ನಂಬಿಕೆ ಬಿಡಬೇಕು. 40 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ತಟ್ಟನೆ ನಿಂತರೆ 10 ಕೆ.ಜಿ. ಮಗುವನ್ನು ತಡೆಯಲು 200 ಕೆ.ಜಿ. ಹಿಡಿದಷ್ಟು ಬಲ ಬೇಕಾಗುತ್ತದೆ. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ.

ಕನಿಷ್ಠ 15 ತಿಂಗಳು ತುಂಬುವವರೆಗೆ ಕೂಸಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಕುತ್ತಿಗೆ ಇನ್ನೂ ಎಳಸು, ಡಿಕ್ಕಿಯ ಹೊಡೆತವನ್ನು ಬೆನ್ನು ಪೂರ್ತಿಯಾಗಿ ಹಂಚಿಕೊಳ್ಳಬೇಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಂಥ ಸೀಟನ್ನು ಎಂದೂ ಇಡಬೇಡಿ. ಆಮೇಲೆ ಮುಂದಕ್ಕೆ ಮುಖ ಮಾಡಿದ ಸೀಟು, ಅದೂ ಚಿಕ್ಕದಾದ ಮೇಲೆ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು. ಕಾರಿನ ಬೆಲ್ಟ್ ಭುಜದ ನಡುವೆ ಹಾದು, ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರುವವರೆಗೂ ಬೂಸ್ಟರ್ ಬೇಕು. ಬೆಲ್ಟ್ ಕುತ್ತಿಗೆಗೆ ತಾಗಿದರೆ ಮಗು ಅದನ್ನು ಕಂಕುಳ ಕೆಳಗೆ ತಳ್ಳಿಕೊಳ್ಳುತ್ತದೆ, ಆಗ ಮೈಯ ಮೇಲ್ಭಾಗಕ್ಕೆ ಹಿಡಿತವೇ ಇಲ್ಲ.

ಸೀಟು ಬಿಗಿದ ಮೇಲೆ ಬುಡದಲ್ಲಿ ಹಿಡಿದು ಅಲುಗಾಡಿಸಿ. ಒಂದಂಗುಲಕ್ಕಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಿರಿ. ಮಗುವಿನ ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದಾಗ ಮಡಿಕೆ ಸಿಗಬಾರದು. ನಮ್ಮ ಕಡೆ ಒಂದು ತೊಂದರೆ ಹೆಚ್ಚು: ಚಳಿಯ ಮುಂಜಾನೆ ದಪ್ಪ ಸ್ವೆಟರ್, ಜಾಕೆಟ್ ಮೇಲೆಯೇ ಪಟ್ಟಿ ಬಿಗಿಯುತ್ತಾರೆ. ಡಿಕ್ಕಿಯಾದಾಗ ಜಾಕೆಟ್ ಅಪ್ಪಚ್ಚಿಯಾಗಿ ಪಟ್ಟಿ ಸಡಿಲಾಗುತ್ತದೆ. ಜಾಕೆಟ್ ಬಿಚ್ಚಿ, ಪಟ್ಟಿ ಹಾಕಿ, ಮೇಲೆ ಶಾಲು ಹೊದಿಸಿ. ಘಾಟಿ ಇಳಿದು ಸೆಕೆ ಶುರುವಾದಾಗ ಶಾಲು ತೆಗೆದರಾಯಿತು.

ಹಿಂಬಾಗಿಲ ಚೈಲ್ಡ್ ಲಾಕ್, ಕಿಟಕಿಯ ಲಾಕ್ ಹಾಕಿ. ಸನ್‌ರೂಫ್‌ನಿಂದ ತಲೆ ಹೊರಹಾಕಿ ಮಕ್ಕಳನ್ನು ನಿಲ್ಲಿಸುವುದು ಬೇಡವೇ ಬೇಡ.

ವಾಂತಿ: ಕಾರಣ ಗೊತ್ತಿದ್ದರೆ ಅರ್ಧ ಗೆದ್ದಂತೆ

ಒಳಕಿವಿ ಮೈ ತಿರುಗುತ್ತಿದೆ ಎನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ತಿಕ್ಕಾಟವೇ ಹೊಟ್ಟೆ ತೊಳಸಲು ಕಾರಣ. 2ರಿಂದ 12 ವರ್ಷದವರಲ್ಲಿ ಇದು ಹೆಚ್ಚು. ಘಾಟಿಯಲ್ಲಿ ಮೊಬೈಲ್, ಪುಸ್ತಕ ಎರಡೂ ಒಳಗಿರಲಿ. ಮಗು ಮುಂದಿನ ರಸ್ತೆಯನ್ನೋ ದೂರದ ಬೆಟ್ಟವನ್ನೋ ನೋಡಲಿ. ಹಾಡು, ಒಗಟು, ಅಂತ್ಯಾಕ್ಷರಿ ನಡೆಯುತ್ತದೆ. ಕಾರಿನ ಸೆಂಟಿನ ಡಬ್ಬಿಯನ್ನು ಮನೆಯಲ್ಲೇ ಬಿಡಿ, ಕಿಟಕಿ ತುಸು ತೆರೆದಿರಲಿ.

ಊಟದ ಲೆಕ್ಕ ತಪ್ಪುವುದು ಕೊಟ್ಟಿಗೆಹಾರದಲ್ಲಿ. ಅಲ್ಲಿನ ನೀರುದೋಸೆ ಬಿಟ್ಟು ಮುಂದೆ ಹೋಗಲು ಯಾರಿಗೂ ಮನಸ್ಸಾಗದು. ಆದರೆ ದೋಸೆ ತಿಂದ ಕೂಡಲೇ ಚಾರ್ಮಾಡಿಯ ತಿರುವು ಶುರು. ಮೂಡಿಗೆರೆ ಮೇಲೆ ಹೋಗುವವರು ಚಿಕ್ಕಮಗಳೂರಿನ ಮನೆಯಲ್ಲೇ ಎರಡು ಇಡ್ಲಿ, ಒಂದು ಬಾಳೆಹಣ್ಣು ಕೊಟ್ಟು ಹೊರಡಿ. ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಅದು ಕರಗಿರುತ್ತದೆ. ಹೊಟ್ಟೆ ತುಂಬ ಊಟ ಉಜಿರೆಯಲ್ಲಿ. ನೀರುದೋಸೆಯನ್ನು ಮರಳುವಾಗ, ಘಾಟಿ ಹತ್ತಿದ ಮೇಲೆ ಕೊಡಿಸಿ. ಹಾಸನದವರು ತಿಂಡಿ ಹಾಸನದಲ್ಲೇ ಮುಗಿಸಿ, ಸಕಲೇಶಪುರ ದಾಟಿ ಮಂಜರಾಬಾದ್ ಕೋಟೆಯಲ್ಲಿ ಮಕ್ಕಳನ್ನು ಓಡಾಡಿಸಿ. ಟಿಪ್ಪು ಕಟ್ಟಿಸಿದ ಆ ನಕ್ಷತ್ರಾಕಾರದ ಕೋಟೆಯ ಮೆಟ್ಟಿಲು ಹತ್ತಿಳಿದರೆ ಕೈಕಾಲು ಸಡಿಲವಾಗುತ್ತದೆ. ಅಲ್ಲಿಂದ ಶಿರಾಡಿ ದೂರವಿಲ್ಲ. ತೀರಾ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ, ಎಣ್ಣೆಯ ಬೋಂಡಾ, ಪೂರಿಯೂ ಒಳ್ಳೆಯದಲ್ಲ.

ಪ್ರತಿ ಸಲವೂ ವಾಂತಿಯಾಗುವ ಮಗುವಿಗೆ ಮಕ್ಕಳ ವೈದ್ಯರಿಂದ ಮಾತ್ರೆ, ಪ್ರಮಾಣ ಬರೆಸಿಕೊಳ್ಳಿ. ಇವನ್ನು ಸಾಮಾನ್ಯವಾಗಿ ಪ್ರಯಾಣಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ಕೊಡಬೇಕು, ತೊಳಸು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ. ಪ್ರೊಮೆಥಜಿನ್ ಇರುವ ಮಾತ್ರೆಯನ್ನು 2 ವರ್ಷದೊಳಗಿನವರಿಗೆ ಕೊಡಲೇಬಾರದು. ಉಸಿರಾಟ ಕುಗ್ಗುವ ಅಪಾಯವಿದೆ. ತೂತಿಲ್ಲದ ಕವರ್‌ಗಳನ್ನು ಎರಡೆರಡಾಗಿ ಸೇರಿಸಿ ಮಗುವಿನ ಕೈಗೆ ಎಟುಕುವಂತಿಡಿ.

ಔಷಧಿ ಡಬ್ಬಿ, ಬುತ್ತಿ

ಜ್ವರದ ಪ್ಯಾರಾಸಿಟಮಾಲ್ ಸಿರಪ್ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುತ್ತದೆ. 12 ಕೆ.ಜಿ. ಮಗುವಿಗೆ ವೈದ್ಯರು 180 ಮಿ.ಗ್ರಾಂ ಹೇಳಿದ್ದರೆ, 5 ಮಿ.ಲೀ.ನಲ್ಲಿ 250 ಮಿ.ಗ್ರಾಂ ಇರುವ ಬಾಟಲಿಯಿಂದ 3.6 ಮಿ.ಲೀ., 120 ಮಿ.ಗ್ರಾಂ ಇರುವುದರಿಂದ 7.5 ಮಿ.ಲೀ. ಅಂದಾಜು ಚಮಚ ಅಪಾಯ. ಮನೆಯಲ್ಲಿ ಬಳಸುವ ಬಾಟಲಿಯನ್ನೇ ಅಳತೆ ಮುಚ್ಚಳದ ಸಮೇತ ಒಯ್ಯಿರಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಕೆಡುಕು. ಕಲಸಿದ್ದು 24 ಗಂಟೆ ಮಾತ್ರ. ಮಳೆಗಾಲದಲ್ಲಿ ಜಿಗಣೆಗೆ ಉಪ್ಪಿನ ಪುಟ್ಟ ಪೊಟ್ಟಣ, ಹತ್ತಿ ಇರಲಿ.

ಬುತ್ತಿಗೆ ಚಪಾತಿ-ಚಟ್ನಿಪುಡಿ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಹುರಿಗಡಲೆ. ಕಾಯಿ ಚಟ್ನಿ ಮೊದಲು ಹಳಸುತ್ತದೆ, ಬೇಡ. ಬೇಲೂರಿನ ಮೇಲೆ ಹೋಗಿ ದೇಗುಲ ನೋಡುವವರು ಮಕ್ಕಳಿಗೆ ಕಾಲುಚೀಲ ಇಟ್ಟುಕೊಳ್ಳಿ, ಬೇಸಿಗೆಯ ಮಧ್ಯಾಹ್ನ ಅಂಗಳದ ಕಲ್ಲು ಬರಿಗಾಲನ್ನು ಸುಡುತ್ತದೆ.

ಹೊರಟ ದಿನ

ಮಳೆಗಾಲವಾದರೆ ಮೊದಲು ಜಿಲ್ಲಾಡಳಿತ, ಪೊಲೀಸರ ಪ್ರಕಟಣೆ ನೋಡಿ. ಗುಡ್ಡ ಕುಸಿದರೆ ಘಾಟಿ ಮುಚ್ಚುತ್ತಾರೆ. ಮೂಡಿಗೆರೆ ಅಥವಾ ಸಕಲೇಶಪುರದಲ್ಲಿ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡಿರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಕೂಸನ್ನು ಸೀಟಿನಿಂದ ಎತ್ತಿ ಮಲಗಿಸಿ.

ಇಳಿಜಾರಿನಲ್ಲಿ ಎರಡನೇ ಗೇರ್, ಕಡಿದಾದ ಕಡೆ ಒಂದನೆಯದು. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ತಪ್ಪುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಮಕ್ಕಳ ಹೊಟ್ಟೆ ತೊಳಸುವುದು ತಿರುವಿಗಿಂತ ಹೆಚ್ಚಾಗಿ ಈ ಎಳೆದಾಟದಿಂದ. ಹತ್ತಿ ಬರುವವರಿಗೆ ದಾರಿ ಬಿಡಿ. ಮಂಜು ಕವಿದರೆ ಡಿಮ್ ಲೈಟ್ ಹಾಕಿ, ಹೈ ಬೀಮ್ ಮಂಜಿಗೆ ಬಡಿದು ಕಣ್ಣಿಗೇ ಮರಳುತ್ತದೆ; ಒಳಗಾಜು ಮಸುಕಾದರೆ ಎ.ಸಿ. ಹಾಕಿ. ಕಿವಿ ಕಟ್ಟಿದ ಮಕ್ಕಳಿಗೆ ಗುಟುಕು ಗುಟುಕಾಗಿ ನೀರು ಕೊಡಿ.

ಸುಟ್ಟ ವಾಸನೆ ಬಂದರೆ ರಸ್ತೆ ಅಗಲವಿರುವಲ್ಲಿ ನಿಲ್ಲಿಸಿ, ಅರ್ಧ ಗಂಟೆ ಬ್ರೇಕ್ ಆರಲು ಬಿಡಿ. ನೀರು ಸುರಿದರೆ ಕಾದ ಡಿಸ್ಕ್ ಸೊಟ್ಟಗಾಗಬಹುದು. ಮಕ್ಕಳನ್ನು ಎಡ ಬಾಗಿಲಿನಿಂದಷ್ಟೇ ಇಳಿಸಿ. ಲಾರಿ ಕೆಟ್ಟೋ ಮರ ಬಿದ್ದೋ ಗಂಟೆಗಟ್ಟಲೆ ಸಿಕ್ಕಿಬಿದ್ದರೆ ಬೇಕಾಗುವ 2 ಲೀಟರ್ ನೀರು, ಒಂದು ಹೊತ್ತಿನ ಬುತ್ತಿಯನ್ನು ಡಿಕ್ಕಿಯಲ್ಲಲ್ಲ, ಕೈಗೆ ಸಿಗುವಂತೆ ಕಾಲ ಬಳಿ ಇಡಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033.