ಡಾಡ್ಜರ್ಸ್ ತಂಡದ ಚರಿತ್ರೆ ಓದುವುದು ಹೇಗೆ: ಮೊದಲು ಮೈದಾನ, ಕಪ್ ಆಮೇಲೆ

ಮೈಸೂರಿನ ಕುವೆಂಪುನಗರ, ವಿಜಯನಗರದ ಕಡೆ ಯಾವ ಬೀದಿಗೆ ಹೋದರೂ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆ ಒಂದಾದರೂ ಸಿಗುತ್ತದೆ. ಅಪ್ಪ ಅಮ್ಮ ಬೇಸಿಗೆಗೆ ಅಲ್ಲಿಗೆ ಹೋಗುತ್ತಾರೆ, ಮಕ್ಕಳು ಒಂದು ಸಂಜೆ ಬೇಸ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋಗುತ್ತಾರೆ, ಮೂರು ಗಂಟೆ ಸುಮ್ನೆ ಕೂತು ಎದ್ದು ಬರುತ್ತಾರೆ. ಅಷ್ಟು ದೂರ ಹೋಗಿ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಆಟದ ನಿಯಮ ಒಂದು ಗಂಟೆಯಲ್ಲಿ ತಲೆಗೆ ಹೋಗುತ್ತದೆ. ಆದರೆ ಆಟ ಮನಸ್ಸಿಗೆ ಹಿಡಿಸಬೇಕಾದರೆ ಊರಿಗೂ ತಂಡಕ್ಕೂ ಇರುವ ನಂಟು ಗೊತ್ತಿರಬೇಕು. ಉದಾಹರಣೆಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನೇ ತೆಗೆದುಕೊಳ್ಳುತ್ತೇನೆ. ನನಗೆ ತುಂಬಾ ಇಷ್ಟವಾದ ಕಥೆ ಅದು.

ಕಪ್‌ಗಳ ಪಟ್ಟಿಯಿಂದ ಮಾತ್ರ ಶುರು ಮಾಡಬೇಡಿ. 1955, 1959, 1963, 1965, 1981, 1988, 2020, 2024, 2025. ಒಟ್ಟು ಒಂಬತ್ತು. ಓದಿದಿರಿ, ಏನು ಉಳಿಯಿತು? ಅದರ ಬದಲು ಮೈದಾನದಿಂದ ಶುರು ಮಾಡಿ. ತಂಡ ಎಲ್ಲಿ ಆಡುತ್ತಿತ್ತು, ಆ ಜಾಗ ಮೊದಲು ಯಾರದಾಗಿತ್ತು, ಮೈದಾನದೊಳಗೆ ಯಾರನ್ನು ಬಿಟ್ಟರು, ಯಾರನ್ನು ಬಿಡಲಿಲ್ಲ, ತಂಡ ಊರು ಬಿಟ್ಟದ್ದು ಯಾಕೆ. ಈ ಪ್ರಶ್ನೆಗಳನ್ನು ಹಿಡಿದುಕೊಂಡು ಹೋದರೆ ಕಪ್‌ಗಳು ತಾವಾಗಿಯೇ ಅವುಗಳ ಜಾಗದಲ್ಲಿ ಕೂತುಕೊಳ್ಳುತ್ತವೆ.

ಅದಕ್ಕೂ ಮೊದಲು ಬೇಕಾದಷ್ಟು ಆಟ ಕಲಿಯಿರಿ. ಒಂದು ಮ್ಯಾಚಿಗೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲೂ ಎರಡೂ ತಂಡ ಬ್ಯಾಟ್ ಮಾಡುತ್ತವೆ, ಮೂರು ಜನ ಔಟಾದರೆ ಸರದಿ ಮುಗಿಯಿತು. ನ್ಯಾಷನಲ್ ಲೀಗ್, ಅಮೆರಿಕನ್ ಲೀಗ್ ಅಂತ ಎರಡು ಗುಂಪು. ಎರಡರ ಚಾಂಪಿಯನ್‌ಗಳೂ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಗುತ್ತವೆ, ಮೊದಲು ನಾಲ್ಕು ಮ್ಯಾಚ್ ಗೆದ್ದವರಿಗೆ ಕಪ್. ಈಗ ಒಂದು ಸೀಸನ್‌ನಲ್ಲಿ ಒಂದು ತಂಡಕ್ಕೆ 162 ಮ್ಯಾಚು, ಅಂದರೆ ಹೆಚ್ಚುಕಡಿಮೆ ದಿನಾ ಆಟ. ಕ್ರಿಕೆಟ್ ನೋಡಿ ಬೆಳೆದವರು ಎಡವುವುದು ಬ್ಯಾಟಿಂಗ್ ಸರಾಸರಿಯಲ್ಲಿ. ಅಲ್ಲಿ ಸರಾಸರಿ ರನ್ನಿನ ಲೆಕ್ಕವಲ್ಲ. .297 ಅಂತ ಬರೆದಿದ್ದರೆ ಲೆಕ್ಕಕ್ಕೆ ಬರುವ ಸಾವಿರ ಸರದಿಗೆ 297 ಹಿಟ್ ಅಂತ ಅರ್ಥ. ಹಿಟ್ ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ (ಓಡಿ ಮುಟ್ಟಬೇಕಾದ ಗುರುತು) ತಲುಪುವುದು. ಹತ್ತಕ್ಕೆ ಏಳು ಸಲ ಸೋಲುವ ಬ್ಯಾಟರ್ ಅಲ್ಲಿ ದೊಡ್ಡ ಬ್ಯಾಟರ್. ಇದು ಗೊತ್ತಿದ್ದರೆ ಅರ್ಧ ಅಂಕಿಗಳು ಅರ್ಥವಾಗುತ್ತವೆ.

ಈಗ ಭೂಪಟ ತೆಗೆಯಿರಿ. ನ್ಯೂಯಾರ್ಕ್‌ನ ಬ್ರೂಕ್ಲಿನ್ ಹುಡುಕಿ, ಲಾಸ್ ಏಂಜಲೀಸ್ ಅಲ್ಲ. ಈ ತಂಡ ಹುಟ್ಟಿದ್ದು ಅಲ್ಲಿ, 1883ರಲ್ಲಿ. ಆಗ ಬ್ರೂಕ್ಲಿನ್ ಇನ್ನೂ ಬೇರೆಯೇ ನಗರ, ನ್ಯೂಯಾರ್ಕ್‌ಗೆ ಸೇರಿದ್ದು 1898ರಲ್ಲಿ. ಬೀದಿಗಳಲ್ಲಿ ಟ್ರಾಲಿ ಗಾಡಿಗಳಿಗೆ ಸಿಕ್ಕದೆ ತಪ್ಪಿಸಿಕೊಂಡು ಓಡಾಡುತ್ತಿದ್ದ ಬ್ರೂಕ್ಲಿನ್ ಜನರಿಂದಲೇ ತಂಡಕ್ಕೆ ಡಾಡ್ಜರ್ಸ್, ಅಂದರೆ ತಪ್ಪಿಸಿಕೊಳ್ಳುವವರು, ಅನ್ನುವ ಹೆಸರು ಬಂತು. 1913ರಲ್ಲಿ ಎಬೆಟ್ಸ್ ಫೀಲ್ಡ್ ಎಂಬ ಮೈದಾನ ಕಟ್ಟಿದರು. ಮನೆಗಳ ನಡುವಿನ ಪುಟ್ಟ ಮೈದಾನ ಅದು. ಸುತ್ತಮುತ್ತಲಿನ ಜನ ನಡೆದುಕೊಂಡೇ ಬರುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ನೇರ 1947ಕ್ಕೆ ಬನ್ನಿ. ನಡುವಿನ ವರ್ಷಗಳನ್ನು ಮತ್ತೆ ಓದಬಹುದು, ಇಲ್ಲಿ ಮಾತ್ರ ಆತುರ ಬೇಡ. ಅರುವತ್ತು ವರ್ಷಕ್ಕೂ ಜಾಸ್ತಿ ಕಾಲ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಜನರಿಗೆ ಜಾಗವೇ ಇರಲಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಮಾಲೀಕರೆಲ್ಲ ಸೇರಿ ಪಾಲಿಸುತ್ತಿದ್ದ ಕಟ್ಟುಪಾಡು. ಇಂಥ ಕಟ್ಟುಪಾಡು ಹೇಗೆ ನಡೆಯುತ್ತದೆ ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕಪ್ಪು ಆಟಗಾರರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡುತ್ತಿದ್ದರು. ಡಾಡ್ಜರ್ಸ್ ನಡೆಸುತ್ತಿದ್ದ ಬ್ರಾಂಚ್ ರಿಕಿ, ಅಂಥ ಲೀಗ್‌ನ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿದ್ದ ಜಾಕಿ ರಾಬಿನ್ಸನ್‌ರನ್ನು 1945ರಲ್ಲಿ ಕರೆಸಿಕೊಂಡರು. ಬೈದರೂ ತಿರುಗಿ ಬೀಳಬಾರದು ಅನ್ನುವುದು ಷರತ್ತು. ಒಂದು ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ತಮ್ಮ ಕಿರಿಯ ತಂಡದಲ್ಲಿ ಆಡಿಸಿ, 1947ರ ಏಪ್ರಿಲ್ 15ರಂದು ಎಬೆಟ್ಸ್ ಫೀಲ್ಡ್‌ನಲ್ಲಿ ಇಳಿಸಿದರು. ಆಗ ರಾಬಿನ್ಸನ್‌ಗೆ 28 ವರ್ಷ. ಎದುರಾಳಿ ತಂಡದವರು ಬಾಯಿಗೆ ಬಂದಂತೆ ಬೈದರು. ಕೊಲ್ಲುತ್ತೇವೆ ಅಂತ ಪತ್ರಗಳು ಬಂದವು. ಆ ವರ್ಷ ಅವರು ಹೊಡೆದದ್ದು ನಾನು ಆಗ ಹೇಳಿದ .297, ಕದ್ದ ಬೇಸ್‌ಗಳು (ಹಿಟ್ ಇಲ್ಲದೆಯೇ ಓಡಿ ಹಿಡಿದ ಮುಂದಿನ ಬೇಸ್‌ಗಳು) 29, ಅದು ಲೀಗ್‌ನಲ್ಲೇ ಜಾಸ್ತಿ. ವರ್ಷದ ಹೊಸ ಆಟಗಾರ ಪ್ರಶಸ್ತಿ ಶುರುವಾದದ್ದೇ ಆಗ, ಮೊದಲು ಸಿಕ್ಕಿದ್ದು ಅವರಿಗೆ. 1949ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಕೂಡ ಅವರೇ ಆದರು.

ಇಲ್ಲೊಂದು ಕೆಲಸ ಮಾಡಿ. ಬೇಸ್‌ಬಾಲ್ ರೆಫರೆನ್ಸ್ ಅನ್ನುವ ಉಚಿತ ಜಾಲತಾಣದಲ್ಲಿ 1947ರ ಡಾಡ್ಜರ್ಸ್ ಪುಟ ತೆರೆದು ಒಬ್ಬೊಬ್ಬ ಆಟಗಾರನ ಹೆಸರು ನೋಡಿ. ಆಮೇಲೆ ಸೇಬರ್ (SABR) ಎಂಬ ಬೇಸ್‌ಬಾಲ್ ಸಂಶೋಧಕರ ಸಂಘದ ತಾಣದಲ್ಲಿ ಅದೇ ಹೆಸರುಗಳನ್ನು ಹುಡುಕಿದರೆ ಅವರ ಬದುಕಿನ ಕಥೆ ಸಿಗುತ್ತದೆ. ಅಂಕಿಯನ್ನೂ ಬದುಕನ್ನೂ ಜೊತೆಗಿಟ್ಟು ಓದುವುದೇ ಸರಿಯಾದ ದಾರಿ. ಇನ್ನೊಂದು ಎಚ್ಚರ: ಹಳೆಯ ಪುಸ್ತಕಗಳಲ್ಲಿ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್ ಮೊದಲಿಗ ಅಂತ ಇರುತ್ತದೆ. 2024ರಲ್ಲಿ ನೀಗ್ರೋ ಲೀಗ್‌ಗಳ ಅಂಕಿಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದರು, ಈಗ .372ರೊಂದಿಗೆ ಜೋಶ್ ಗಿಬ್ಸನ್ ಮೊದಲ ಸ್ಥಾನದಲ್ಲಿದ್ದಾರೆ. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, ರಾಬಿನ್ಸನ್ ಕಣಕ್ಕಿಳಿಯುವ ಮೂರು ತಿಂಗಳು ಮೊದಲು. ಆದ್ದರಿಂದ ದಾಖಲೆ ನೋಡುವಾಗ ಪುಸ್ತಕ ಯಾವ ವರ್ಷದ್ದು ಅಂತ ಮೊದಲು ನೋಡಿ.

1955 ನಮಗೆ ಬೇಗ ಅರ್ಥವಾಗುತ್ತದೆ. ಅಲ್ಲಿಯವರೆಗೆ ಬ್ರೂಕ್ಲಿನ್ ತಂಡ ಏಳು ಸಲ ವರ್ಲ್ಡ್ ಸೀರೀಸ್‌ಗೆ ಹೋಗಿ ಏಳೂ ಸಲ ಸೋತಿತ್ತು, ಕೊನೆಯ ಐದು ಸಲ ಅದೇ ನ್ಯೂಯಾರ್ಕ್‌ನ ಯಾಂಕೀಸ್ ತಂಡದ ಕೈಯಲ್ಲೇ. ಮುಂದಿನ ವರ್ಷ ನೋಡ್ಕೋತೀವಿ ಅನ್ನುವುದೇ ಅಲ್ಲಿನ ಜನರ ಮಾತಾಗಿತ್ತು. 2008ರಿಂದ ಕಾದು, ‘ಈ ಸಲ ಕಪ್ ನಮ್ದೇ’ ಅಂತ ಕೂಗಿ 2025ರಲ್ಲಿ ಕಪ್ ಕಂಡ ಆರ್‌ಸಿಬಿ ಅಭಿಮಾನಿಗಳಿಗೆ ಆ ನೋವು ಚೆನ್ನಾಗಿ ಗೊತ್ತು. 1955ರ ಏಳನೇ ಮ್ಯಾಚಿನಲ್ಲಿ ಜಾನಿ ಪಾಡ್ರೆಸ್ ಎಂಬ ಹುಡುಗ ಯಾಂಕೀಸ್‌ಗೆ ಒಂದೂ ರನ್ ಬಿಟ್ಟುಕೊಡಲಿಲ್ಲ. 2-0. ಬ್ರೂಕ್ಲಿನ್‌ಗೆ ಸಿಕ್ಕಿದ ಒಂದೇ ಕಪ್ ಅದು.

ಯಾಕೆಂದರೆ ಎರಡೇ ವರ್ಷದಲ್ಲಿ ತಂಡ ಊರು ಬಿಟ್ಟಿತು. ಮಾಲೀಕ ವಾಲ್ಟರ್ ಓಮ್ಯಾಲಿಗೆ ಬ್ರೂಕ್ಲಿನ್‌ನಲ್ಲೇ, ರೈಲುಗಳು ಬಂದು ಸೇರುವ ಕಡೆ ಹೊಸ ಮೈದಾನ ಕಟ್ಟಲು ಜಾಗ ಬೇಕಿತ್ತು. ನಗರದ ಯೋಜನೆಗಳ ಮೇಲೆ ಹಿಡಿತವಿದ್ದ ರಾಬರ್ಟ್ ಮೋಸೆಸ್ ಒಪ್ಪಲಿಲ್ಲ, ನ್ಯೂಯಾರ್ಕ್‌ನ ಇನ್ನೊಂದು ಭಾಗವಾದ ಕ್ವೀನ್ಸ್‌ಗೆ ಹೋಗಿ ಅಂದರು. 1957ರ ಅಕ್ಟೋಬರ್‌ನಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಹೋಗುತ್ತದೆ ಅಂತ ಘೋಷಣೆಯಾಯಿತು. ಈ ಭಾಗ ಓದುವಾಗ ಇಬ್ಬರ ವಾದವನ್ನೂ ಓದಿ. ಒಂದು ಕಡೆಯವರು ಓಮ್ಯಾಲಿಯನ್ನು ಬೈಯುತ್ತಾರೆ, ಇನ್ನೊಂದು ಕಡೆಯವರು ಮೋಸೆಸ್‌ರನ್ನು. ನನ್ನ ಮಟ್ಟಿಗೆ ತಪ್ಪು ಇಬ್ಬರದ್ದೂ ಹೌದು, ಆದರೆ ತಂಡ ನಷ್ಟದಲ್ಲಿರಲಿಲ್ಲ, ಮೈದಾನ ಹಳೆಯದಾಗಿದ್ದರೂ ಜನ ಕೈಬಿಟ್ಟಿರಲಿಲ್ಲ, ಹಾಗಾಗಿ ಹೋಗುವ ತೀರ್ಮಾನದ ಹೊಣೆ ಓಮ್ಯಾಲಿಯದ್ದೇ ಅನ್ನಿಸುತ್ತದೆ. 1960ರಲ್ಲಿ ಎಬೆಟ್ಸ್ ಫೀಲ್ಡ್ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು.

ಲಾಸ್ ಏಂಜಲೀಸ್‌ಗೆ ಬಂದ ಮೇಲೂ ಅದೇ ಪ್ರಶ್ನೆ ಕೇಳಿ: ಈ ಜಾಗ ಯಾರದು? ಈಗ ಡಾಡ್ಜರ್ ಸ್ಟೇಡಿಯಂ ಇರುವ ಗುಡ್ಡದ ಕಡೆಗೆ ಚಾವೆಜ್ ರವೀನ್ ಅಂತ ಹೆಸರು. ಅಲ್ಲಿ ಪಾಲೋ ವರ್ಡೆ, ಲಾ ಲೋಮಾ, ಬಿಷಪ್ ಅಂತ ಮೂರು ಕೇರಿಗಳಿದ್ದವು, ಇದ್ದವರು ಹೆಚ್ಚಾಗಿ ಮೆಕ್ಸಿಕೋ ಮೂಲದ ಬಡವರು. 1950ರಲ್ಲಿ ಅವರಿಗೆ ಜಾಗ ಖಾಲಿ ಮಾಡಿ ಅಂತ ಪತ್ರ ಬಂತು, ಇಲ್ಲಿ ಸರ್ಕಾರಿ ಮನೆಗಳನ್ನು ಕಟ್ಟುತ್ತೇವೆ, ನಿಮಗೇ ಮೊದಲು ಕೊಡುತ್ತೇವೆ ಅನ್ನುವ ಮಾತಿನ ಜೊತೆಗೆ. ಹೆಚ್ಚಿನವರು ಹೋದರು. ಆಮೇಲೆ ಹೊಸ ಮೇಯರ್ ಬಂದು ಯೋಜನೆಯನ್ನೇ ಕೈಬಿಟ್ಟರು, ಜಾಗ ಡಾಡ್ಜರ್ಸ್‌ಗೆ ಹೋಯಿತು. 1959ರ ಮೇ ತಿಂಗಳಲ್ಲಿ ಉಳಿದ ಕುಟುಂಬಗಳನ್ನು ಪೊಲೀಸರು ಹೊತ್ತು ಹೊರಗೆ ಹಾಕಿದ್ದು ಫೋಟೋಗಳಲ್ಲಿ ಉಳಿದಿದೆ. ಕನ್ನಂಬಾಡಿ ಕಟ್ಟೆಗಾಗಿ ಊರು ಬಿಟ್ಟವರ ಕಥೆ ಕೇಳಿದ ಮಂಡ್ಯದವರಿಗೆ ಇದು ಹೊಸದಲ್ಲ, ಆದರೆ ಕಟ್ಟೆ ಕೆಳಗಿನ ಗದ್ದೆಗಾದರೂ ನೀರು ಬಂತು, ಇವರಿಗೆ ಹೇಳಿದ ಮನೆ ಬರಲೇ ಇಲ್ಲ. ಸ್ಟೇಡಿಯಂ ಶುರುವಾದದ್ದು 1962ರ ಏಪ್ರಿಲ್ 10ರಂದು.

ಈ ಕಥೆ ಗೊತ್ತಿದ್ದರೆ ಮಾತ್ರ 1981 ಅರ್ಥವಾಗುತ್ತದೆ. ಮೆಕ್ಸಿಕೋದ ಸೊನೋರಾ ರಾಜ್ಯದ ಹಳ್ಳಿಯೊಂದರಿಂದ ಬಂದ ಇಪ್ಪತ್ತು ವರ್ಷದ ಪಿಚರ್ (ಚೆಂಡು ಎಸೆಯುವವ) ಫರ್ನಾಂಡೋ ವಾಲೆಂಜುವೆಲಾ ಆ ಸೀಸನ್‌ನಲ್ಲಿ ತಾವು ಶುರು ಮಾಡಿದ ಮೊದಲ ಎಂಟೂ ಮ್ಯಾಚ್ ಗೆಲ್ಲಿಸಿದರು. ವರ್ಷದ ಹೊಸ ಆಟಗಾರ ಪ್ರಶಸ್ತಿ, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎರಡೂ ಒಂದೇ ವರ್ಷ ಬಂದವು. ಮನೆ ಕಿತ್ತುಕೊಂಡ ತಂಡ ಅಂತ ಮುಖ ತಿರುಗಿಸಿದ್ದ ಮೆಕ್ಸಿಕನ್ ಜನ ಅದೇ ಗುಡ್ಡಕ್ಕೆ ಸಾವಿರಗಟ್ಟಲೆ ಬಂದರು. ಎಲ್ಲರೂ ಕ್ಷಮಿಸಿದರು ಅಂತಲ್ಲ. ಆದರೆ ಇವತ್ತು ಆ ಸ್ಟೇಡಿಯಂನಲ್ಲಿ ಸ್ಪ್ಯಾನಿಷ್ ಮಾತು ಅಷ್ಟು ಕೇಳಿಸುವುದಕ್ಕೆ ಆ ಹುಡುಗ ದೊಡ್ಡ ಕಾರಣ.

ಉಳಿದದ್ದನ್ನು ಬೇಗ ಓದಬಹುದು. ದೊಡ್ಡ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್, 1988ರಲ್ಲಿ ಕುಂಟುತ್ತಾ ಬಂದು ಹೋಮ್ ರನ್ ಹೊಡೆದ ಕರ್ಕ್ ಗಿಬ್ಸನ್, 2011ರಲ್ಲಿ ತಂಡ ದಿವಾಳಿಯಾದದ್ದು, ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದದ ಶೋಹೆ ಒಹ್ತಾನಿ. ವಿನ್ ಸ್ಕಲ್ಲಿಯವರ ಹಳೆಯ ಕಾಮೆಂಟರಿ ಸಿಕ್ಕರೆ ಮಾತ್ರ ಬಿಡಬೇಡಿ. ಬ್ರೂಕ್ಲಿನ್‌ನಲ್ಲಿ 1950ರಲ್ಲಿ ಶುರು ಮಾಡಿ 2016ರವರೆಗೆ 67 ಸೀಸನ್ ಒಂದೇ ತಂಡಕ್ಕೆ ಮಾತಾಡಿದ ಮನುಷ್ಯ ಅವರು.

ಮೈಸೂರಿನಲ್ಲಿ ಕೂತೇ ನೋಡುವವರಿಗೆ ಒಂದು ಅನುಕೂಲವಿದೆ. ಲಾಸ್ ಏಂಜಲೀಸ್‌ನಲ್ಲಿ ಸಂಜೆ 7:10ಕ್ಕೆ ಶುರುವಾಗುವ ಮ್ಯಾಚ್ ನಮಗೆ ಮಾರನೇ ಬೆಳಿಗ್ಗೆ 7:40ಕ್ಕೆ, ತಿಂಡಿ ಹೊತ್ತಿಗೆ. ಏಪ್ರಿಲ್ 15ರ ಮ್ಯಾಚನ್ನೇ ಮೊದಲು ನೋಡಿ. ಆ ದಿನ ಎಲ್ಲ ತಂಡಗಳ ಎಲ್ಲ ಆಟಗಾರರೂ ರಾಬಿನ್ಸನ್ ಅವರ 42ನೇ ನಂಬರ್ ಹಾಕುತ್ತಾರೆ. ಸ್ಟೇಡಿಯಂಗೇ ಹೋಗುವವರು ಸೆಂಟರ್ ಫೀಲ್ಡ್ ಕಡೆಯ ಬಾಗಿಲಲ್ಲಿ ರಾಬಿನ್ಸನ್, ಕೋಫ್ಯಾಕ್ಸ್ ಇಬ್ಬರ ಪ್ರತಿಮೆಗಳನ್ನೂ ನೋಡಿಕೊಂಡು ಒಳಗೆ ಹೋಗಿ.

ಇದು ಮುಗಿದ ಮೇಲೆ ಜೈಂಟ್ಸ್ ತಂಡ ಹಿಡಿಯಿರಿ. ಅವರೂ 1957ರ ಸೀಸನ್ ಮುಗಿಸಿ ನ್ಯೂಯಾರ್ಕ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಅಲ್ಲಿಂದ ಮೆಟ್ಸ್‌ಗೆ ಬನ್ನಿ. ತಂಡ ಕಳೆದುಕೊಂಡ ನ್ಯೂಯಾರ್ಕ್ ಜನರಿಗಾಗಿ 1962ರಲ್ಲಿ ಹುಟ್ಟಿದ ಆ ತಂಡದ ಬಟ್ಟೆಯಲ್ಲಿ ಡಾಡ್ಜರ್ಸ್‌ನ ನೀಲಿಯೂ ಇದೆ, ಜೈಂಟ್ಸ್‌ನ ಕಿತ್ತಳೆಯೂ ಇದೆ.