ಒಂದೇ ತಂತಿ, ನಾಲ್ಕು ಬ್ಯಾಂಡ್

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದಿದೆ, ರೇಡಿಯೋ ಮೇಜಿನ ಮೇಲಿದೆ. ಇನ್ನು ಆಂಟೆನಾ. ಬ್ಯಾಂಡಿಗೊಂದರಂತೆ, ಅಂದರೆ ತರಂಗದ ಉದ್ದದಿಂದ ಹೆಸರಾದ ಪ್ರತಿ ಫ್ರೀಕ್ವೆನ್ಸಿ ಪಟ್ಟಿಗೂ ಒಂದರಂತೆ, ಕಟ್ಟುತ್ತಾ ಹೋದರೆ ಜಾಗ ಸಾಲುವುದಿಲ್ಲ. ಸುಮಾರು 20 ಮೀಟರ್ ಉದ್ದದ ಒಂದು ತಂತಿ ಸಾಕು, 40, 20, 15 ಮತ್ತು 10 ಮೀಟರ್ ಬ್ಯಾಂಡ್ ನಾಲ್ಕರಲ್ಲೂ ಮಾತಾಡಬಹುದು. ಎಂಡ್‌ಫೆಡ್ ಹಾಫ್‌ವೇವ್ ಅಂತ ಇದರ ಹೆಸರು. ತಂತಿಯ ಒಂದು ತುದಿಗಷ್ಟೇ ಕೇಬಲ್ ಕೊಡುವುದರಿಂದ ಕಟ್ಟುವುದೂ ಸುಲಭ.

ಇದರ ಲೆಕ್ಕ ಚೆಂದ. 40 ಮೀಟರ್ ಬ್ಯಾಂಡಿನ 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದಷ್ಟು ಉದ್ದವಿರುವ ತಂತಿ ಅದರ ಎರಡು, ಮೂರು, ನಾಲ್ಕು ಪಟ್ಟಿನ ಆಸುಪಾಸಿನಲ್ಲೂ ರೆಸೊನೆನ್ಸ್‌ಗೆ (ಸಹಜವಾಗಿ ಅನುರಣಿಸುವ ಸ್ಥಿತಿಗೆ) ಬರುತ್ತದೆ. ಅಂದರೆ 14.2, 21.3, 28.4. ಎಲ್ಲವೂ ಹ್ಯಾಮ್ ಬ್ಯಾಂಡಿನ ಒಳಗೇ ಬೀಳುತ್ತವೆ! ಉದ್ದ ಎಷ್ಟಿರಬೇಕು? 143ನ್ನು 7.1ರಿಂದ ಭಾಗಿಸಿ. 20.14 ಮೀಟರ್ ಬಂತು. ಆದರೆ ಅಷ್ಟಕ್ಕೇ ಕತ್ತರಿಸಬೇಡಿ, 20.7 ಮೀಟರ್ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಟ್ರಾನ್ಸ್‌ಫಾರ್ಮರ್ ಸುತ್ತುವುದು

ತಂತಿಯ ತುದಿಯಲ್ಲಿ ಇಂಪೀಡೆನ್ಸ್ (ಎಸಿ ಕರೆಂಟಿಗೆ ಇರುವ ತಡೆ) ಎರಡು ಮೂರು ಸಾವಿರ ಓಮ್ ಇರುತ್ತದೆ. ರೇಡಿಯೋ ಕೇಳುವುದು 50 ಓಮ್. ಇವೆರಡನ್ನೂ ಹೊಂದಿಸಲು 49:1 ಟ್ರಾನ್ಸ್‌ಫಾರ್ಮರ್ ಬೇಕು. ಎಫ್‌ಟಿ 240-43 ಎಂಬ ಫೆರೈಟ್ ಉಂಗುರ ತೆಗೆದುಕೊಳ್ಳಿ. ಅದರ ಹೊರ ಅಳತೆ 61 ಮಿಲಿಮೀಟರ್. ಸುತ್ತಲು 1 ಮಿಲಿಮೀಟರ್ ದಪ್ಪದ ಎನಾಮೆಲ್ ತಾಮ್ರದ ತಂತಿ.

ಉದ್ದ ತಂತಿ 14 ಸುತ್ತು, ಗಿಡ್ಡ ತಂತಿ 2 ಸುತ್ತು. ಗಿಡ್ಡದನ್ನು ಉದ್ದದ ಮೊದಲ ಎರಡು ಸುತ್ತಿನ ಜೊತೆ ಹೊಸೆದು ಸುತ್ತಬೇಕು. ಎರಡರ ಆರಂಭದ ತುದಿಗಳನ್ನೂ ಒಟ್ಟಿಗೆ ಸೇರಿಸಿ ಕೇಬಲ್ ಸಿಕ್ಕಿಸುವ ಕನೆಕ್ಟರಿನ ಹೊರಮೈಗೆ ಬೆಸುಗೆ ಹಾಕಿ. ಗಿಡ್ಡದರ ಇನ್ನೊಂದು ತುದಿ ನಡುವಿನ ಪಿನ್ನಿಗೆ, ಉದ್ದದರ ಕೊನೆ ಆಂಟೆನಾ ತಂತಿಗೆ. ಹೆಚ್ಚಿನವರು ತಪ್ಪುವುದು ಎಣಿಸುವಾಗ. ಉಂಗುರದ ತೂತಿನೊಳಗೆ ತಂತಿ ಎಷ್ಟು ಸಲ ಹಾಯ್ದಿದೆಯೋ ಅಷ್ಟೇ ಸುತ್ತು, ಹೊರಗಿನಿಂದ ಎಣಿಸಬೇಡಿ. ಬೆಸುಗೆಗೆ ಮುಂಚೆ ತುದಿಯ ಎನಾಮೆಲನ್ನು ಬ್ಲೇಡಿನಿಂದ ಕೆರೆದು ತಾಮ್ರ ಹೊಳೆಯುವಂತೆ ಮಾಡಿ. ಕನೆಕ್ಟರಿನ ಪಿನ್ನಿಗೂ ಹೊರಮೈಗೂ ನಡುವೆ 100 ಪಿಕೊಫ್ಯಾರಡ್‌ನ ಹೈ ವೋಲ್ಟೇಜ್ ಕೆಪಾಸಿಟರ್ ಹಾಕಿದರೆ 10 ಮೀಟರ್ ಬ್ಯಾಂಡ್ ಸುಧಾರಿಸುತ್ತದೆ.

ಮೇಲೇರಿಸುವ ಮೊದಲು ಮೇಜಿನ ಮೇಲೇ ಪರೀಕ್ಷೆ ಮಾಡಿ. ಆಂಟೆನಾ ತಂತಿ ಸೇರುವ ಜಾಗಕ್ಕೂ ಕನೆಕ್ಟರಿನ ಹೊರಮೈಗೂ 2400 ಓಮ್‌ನ ಕಾರ್ಬನ್ ರೆಸಿಸ್ಟರ್ ಜೋಡಿಸಿ, ಆಂಟೆನಾ ಅಳೆಯುವ ಅನಲೈಸರ್‌ನಲ್ಲಿ ನೋಡಿ. ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ಹಿಂತಿರುಗುತ್ತಿದೆ ಅಂತ ತೋರಿಸುವ ಅನುಪಾತ, ಒಂದು ಬಂದರೆ ಅತ್ಯುತ್ತಮ) ಕಡಿಮೆ ಬಂದರೆ ಸುತ್ತಿದ್ದು ಸರಿಯಾಗಿದೆ.

ಮೇಲೇರಿಸುವುದು

ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ಕರೆಂಟ್ ಲೈನ್. ತಂತಿ ಅಥವಾ ಕಂಬ ಯಾವ ಕಡೆ ಬಿದ್ದರೂ ಲೈನಿಗೆ ತಾಗಬಾರದು. ಈ ವಿಷಯದಲ್ಲಿ ಒಂದಿಷ್ಟೂ ರಾಜಿ ಬೇಡ. ದೂರದ ತುದಿಗೆ ಇನ್ಸುಲೇಟರ್ ಹಾಕಿ ಹಗ್ಗದಿಂದ ಎಳೆದು ಕಟ್ಟಿ. ಮರಕ್ಕೆ ಕಟ್ಟುವುದಾದರೆ ಸ್ವಲ್ಪ ಸಡಿಲ ಬಿಡಿ, ಗಾಳಿಗೆ ಮರ ತೂಗುತ್ತದೆ ಅಲ್ವಾ. ಎತ್ತರ ಜಾಸ್ತಿಯಾದಷ್ಟೂ ಒಳ್ಳೆಯದು. ಓರೆಯಾಗಿ ಇಳಿದರೂ ಪರವಾಗಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ಎರಡು ಮೀಟರ್ ಆಚೆ, ರೇಡಿಯೋಗೆ ಹೋಗುವ ಕೋಆಕ್ಸ್ ಕೇಬಲನ್ನು ಇನ್ನೊಂದು ಫೆರೈಟ್ ಉಂಗುರಕ್ಕೆ ಹತ್ತು ಸುತ್ತು ಸುತ್ತಿ. ಇದೇ ಚೋಕ್. ಇದಿಲ್ಲದಿದ್ದರೆ ಕೇಬಲಿನ ಹೊರಮೈ ಮೇಲೆ ಹರಿಯುವ ಕರೆಂಟ್ ನಿಮ್ಮ ಮೇಜಿನವರೆಗೂ ಬರುತ್ತದೆ.

ಕತ್ತರಿ ಬೇಡ, ಮಡಚಿ

ನನ್ನ ಮೊದಲ ತಂತಿಯನ್ನು ನೆಲದ ಮೇಲೇ ಅಳೆದು ಕತ್ತರಿಸಿಬಿಟ್ಟಿದ್ದೆ. ಮೇಲೇರಿಸಿದಾಗ ಗಿಡ್ಡವಾಯಿತು, ತುಂಡು ಬೆಸೆಯಬೇಕಾಯಿತು. ಗೋಡೆ, ಮರ, ಎತ್ತರ ಎಲ್ಲವೂ ಫ್ರೀಕ್ವೆನ್ಸಿಯನ್ನು ಎಳೆದಾಡುತ್ತವೆ. ಹಾಗಾಗಿ ತಂತಿ ಇರಬೇಕಾದ ಜಾಗದಲ್ಲೇ ಇಟ್ಟು ಅಳೆಯಿರಿ.

20.7 ಮೀಟರಿಗೆ ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಇರುವುದು 6.95 ಮೆಗಾಹರ್ಟ್ಸ್‌ನಲ್ಲಿ ಅಂದುಕೊಳ್ಳಿ. 20.7ನ್ನು 6.95ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 20.26. ಅಂದರೆ 44 ಸೆಂಟಿಮೀಟರ್ ಕಡಿಮೆಯಾಗಬೇಕು. ಒಂದೇ ಸಲ ಬೇಡ. ದೂರದ ತುದಿ ಇಳಿಸಿ, 20 ಸೆಂಟಿಮೀಟರ್ ಹಿಂದಕ್ಕೆ ಮಡಚಿ, ತಂತಿಗೇ ಬಿಗಿಯಾಗಿ ಹೊಸೆದು ಮತ್ತೆ ಏರಿಸಿ. ಅಳೆಯಿರಿ. ಇನ್ನಷ್ಟು ಮಡಚಿ. ಕೈ ನೋಯುತ್ತದೆ, ಆದರೆ ಪ್ರತಿ ಸಲ ಎಸ್‌ಡಬ್ಲ್ಯುಆರ್‌ನ ತಗ್ಗು ಸರಿದು ಬ್ಯಾಂಡಿನೊಳಗೆ ಬರುವುದನ್ನು ನೋಡುವ ಖುಷಿಯೇ ಬೇರೆ.

40 ಮೀಟರ್ ಒಂದನ್ನೇ ನೋಡಿ ಮುಗಿಸಬೇಡಿ. ಮೇಲಿನ ಬ್ಯಾಂಡುಗಳಲ್ಲಿ ತಗ್ಗು ಲೆಕ್ಕಕ್ಕಿಂತ ಸ್ವಲ್ಪ ಮೇಲೆ ಬೀಳುತ್ತದೆ. ನಾಲ್ಕರಲ್ಲೂ ಎಸ್‌ಡಬ್ಲ್ಯುಆರ್ ಎರಡರೊಳಗೆ ಬಂದರೆ ನೆಮ್ಮದಿ, ಆಗ ಹಿಂತಿರುಗುವ ಪವರ್ ಶೇ 11ರಷ್ಟೇ. ಮೂರಾದರೆ ಶೇ 25. ಆಗ ಇಂಪೀಡೆನ್ಸ್ ಹೊಂದಿಸುವ ಟ್ಯೂನರ್ ಬಳಸಿ.

ಮೊದಲ ದಿನ 5 ವಾಟ್‌ನಲ್ಲಿ ಶುರು ಮಾಡಿ. 100 ವಾಟ್ ಕೊಟ್ಟಾಗ ತಂತಿಯ ತುದಿಯಲ್ಲಿ ಸುಮಾರು 500 ವೋಲ್ಟ್ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ಮಕ್ಕಳ ಕೈಗೆ ಎಟುಕದಂತೆ ಎರಡೂ ತುದಿ ಮೇಲಿರಲಿ. ಗುಡುಗು ಬರುವ ಸೂಚನೆ ಕಂಡರೆ ಕೋಆಕ್ಸ್ ಬಿಚ್ಚಿ ಮನೆಯ ಹೊರಗೇ ಬಿಡಿ.